ರೈಲು ನಿಂತಿದೆ ಎಂದು ಇಳಿಯಬೇಡಿ: ಪುಟ್ಟಿಗೆ ದೊಡ್ಡಮ್ಮನ ಧ್ವನಿ ಸಂದೇಶ

ಪುಟ್ಟಿ, ನಿನ್ನ ಸಂದೇಶವನ್ನು ಬೆಳಿಗ್ಗೆಯೇ ನೋಡಿದೆ. ಒಂದೊಂದೇ ಅಕ್ಷರ ಒತ್ತುತ್ತ ಕುಳಿತರೆ ನನಗೆ ಸಂಜೆಯಾಗುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಅಕ್ಕನ ಬಾಣಂತನಕ್ಕೆ ಅಪ್ಪ, ಅಮ್ಮ ಮ್ಯೂನಿಕ್‌ಗೆ ಹೊರಟಿದ್ದಾರೆ, ಇಬ್ಬರಿಗೂ ಜರ್ಮನ್ ಭಾಷೆಯ ಗಂಧಗಾಳಿ ಇಲ್ಲ, ಭಾಷೆಯ ಪರೀಕ್ಷೆ ಪಾಸಾಗದಿದ್ದರೆ ವೀಸಾವನ್ನೇ ಕೊಡುವುದಿಲ್ಲ ಎಂದು ಸಾಗರದ ಚಿಕ್ಕಪ್ಪ ಹೆದರಿಸಿದ್ದಾರೆ, ಅಮ್ಮನಿಗೆ ರಾತ್ರಿ ನಿದ್ದೆ ಇಲ್ಲ, ಏನು ಕಲಿಸಲಿ ಎಂದು ಕೇಳಿದ್ದೀಯೆ. ನಿನ್ನ ಅಮ್ಮ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೂ ಹೀಗೆಯೇ ನಿದ್ದೆಗೆಟ್ಟವಳು. ನಮ್ಮನ್ನೂ ಮಲಗಲು ಬಿಡಲಿಲ್ಲ. ಕೊನೆಗೆ ಮೊದಲ ದರ್ಜೆಯಲ್ಲೇ ಪಾಸಾದಳು.

ಯಾರಾದರೂ ಕಿಟೆಲ್ ಅವರ ಹೆಸರು ಎತ್ತುವ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿಂದ ಬಂದವರು ಕನ್ನಡ ಕಲಿತು 1894ರಲ್ಲಿ ನಿಘಂಟನ್ನೇ ಕೊಟ್ಟರು, ನಾವು ನಾಲ್ಕು ಮಾತು ಕಲಿಯಲಾರೆವೇ ಎಂಬ ಭಾಷಣ ನಮ್ಮ ಮನೆಯವರ ಈ ಮೊಬೈಲ್ ಗುಂಪಿನಲ್ಲಿ ಪ್ರತಿ ನವೆಂಬರ್‌ನಲ್ಲೂ ಆಗುತ್ತದೆ. ಅವರು 1853ರಲ್ಲಿ ಇಲ್ಲಿಗೆ ಬಂದಾಗ ಹರೆಯದ ಹುಡುಗ, ನಿಘಂಟು ಮುಗಿಯುವ ಹೊತ್ತಿಗೆ ಅರವತ್ತು ದಾಟಿತ್ತು. ನಿನ್ನ ಅಪ್ಪ ಶುರುಮಾಡುತ್ತಿರುವುದೇ ಆ ವಯಸ್ಸಿನಲ್ಲಿ, ಅದೂ ಸೂಟ್‌ಕೇಸ್ ತೂಗುತ್ತ, ಮಾವಿನಮಿಡಿ ಕಟ್ಟಿಸುತ್ತ.

ನನ್ನ ಮಾತು ಒಂದೇ. ಅಲ್ಲಿ ರೈಲು ನಿಂತಿದೆ ಎಂದು ಒಬ್ಬರನ್ನು ಬಿಟ್ಟು ಒಬ್ಬರು ಇಳಿಯಬಾರದು. ಇದನ್ನು ಮೊದಲು ಅಪ್ಪನ ಕಿವಿಗೆ ಹಾಕು, ವ್ಯಾಕರಣ ಆಮೇಲೆ.

ನಿಮ್ಮ ದೊಡ್ಡಪ್ಪನ ವಿಷಯ ಎಲ್ಲರಿಗೂ ಗೊತ್ತಿದೆ. ಅರಸೀಕೆರೆಯಲ್ಲಿ ರೈಲು ನಿಂತರೆ ಇಳಿದು ವಡೆ ತಿನ್ನಲೇಬೇಕು, ಗಾರ್ಡ್ ಸೀಟಿ ಊದಿದ ಮೇಲೆಯೇ ಹತ್ತಬೇಕು. ನಮ್ಮ ಮಗಳು ಮ್ಯೂನಿಕ್‌ನಲ್ಲಿದ್ದಾಗ ಅವಳ ಬಾಣಂತನಕ್ಕೆ ನಾವು ಹೋದೆವಲ್ಲ, ಆಗ ಇವರು ಹೊರಡುವ ಮೊದಲೇ ಮೊಬೈಲಿನಲ್ಲಿ ಯಾವುದೋ ಆ್ಯಪ್ ಹಾಕಿಕೊಂಡು ಪಾಠ ಶುರುಮಾಡಿದ್ದರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ‘ಹುಡುಗ ಸೇಬು ತಿನ್ನುತ್ತಾನೆ’, ‘ಹುಡುಗಿ ನೀರು ಕುಡಿಯುತ್ತಾಳೆ’ ಎಂದು ಜರ್ಮನ್‌ನಲ್ಲಿ ಪಠಿಸುವುದು. ತಪ್ಪಿಲ್ಲದೆ ಹೇಳಿದರೆ ಮೊಬೈಲ್ ಗಂಟೆ ಬಾರಿಸುತ್ತಿತ್ತು. ಆ ಗಂಟೆ ಕೇಳಿ ಇವರು ಪಂಡಿತರಾದೆವೆಂದೇ ತಿಳಿದಿದ್ದರು.

ಮಗುವಿಗೆ ತಿಂಗಳು ತುಂಬಿದ ಮೇಲೆ ಒಂದು ದಿನ, ‘ನೀವಿಬ್ಬರೇ ಟೇಗರ್ನ್‌ಸೇ ಸರೋವರ ನೋಡಿಕೊಂಡು ಬನ್ನಿ, ಮ್ಯೂನಿಕ್‌ನಿಂದ ನೇರ ರೈಲಿದೆ’ ಎಂದು ಮಗಳು ಕಳುಹಿಸಿದಳು. ಬಯರ್ನ್ ಟಿಕೆಟ್ ಎಂದು ಒಂದಿದೆ. ಬವೇರಿಯಾದ ಸ್ಥಳೀಯ ರೈಲುಗಳಲ್ಲಿ ಇಡೀ ದಿನ ಓಡಾಡಬಹುದು, ಕೆಲಸದ ದಿನಗಳಲ್ಲಾದರೆ ಬೆಳಿಗ್ಗೆ ಒಂಬತ್ತರ ನಂತರ. ಐದು ಜನರವರೆಗೆ ಒಂದೇ ಚೀಟಿ. ಆ ಚೀಟಿ ನನ್ನ ಚೀಲದಲ್ಲಿ. ಇವರ ಮೊಬೈಲೂ ನನ್ನ ಚೀಲದಲ್ಲೇ, ಏಕೆಂದರೆ ಇವರ ಜೇಬಿನಿಂದ ಅದು ಬೀಳುತ್ತದೆ.

ಹೋಲ್ಟ್ಸ್‌ಕಿರ್ಶೆನ್ ಎಂಬಲ್ಲಿ ರೈಲು ನಿಂತಿತು. ಅಲ್ಲಿ ಅದನ್ನು ಬಿಡಿಸುತ್ತಾರೆ. ಮ್ಯೂನಿಕ್‌ನಿಂದ ಒಟ್ಟಿಗೆ ಬಂದ ಡಬ್ಬಿಗಳಲ್ಲಿ ಒಂದು ಭಾಗ ಬೈರಿಶ್‌ತ್ಸೆಲ್ ಕಡೆಗೆ, ಇನ್ನೊಂದು ಟೇಗರ್ನ್‌ಸೇ ಕಡೆಗೆ. ಇದನ್ನು ಧ್ವನಿವರ್ಧಕದಲ್ಲಿ ಹೇಳಿದರು, ಹೇಳಲಿಲ್ಲವೆನ್ನಲಾರೆ, ಆದರೆ ಜರ್ಮನ್‌ನಲ್ಲಿ. ಅದರಲ್ಲಿ ಸೇಬು ಇರಲಿಲ್ಲವಾದ್ದರಿಂದ ಇವರಿಗೆ ತಿಳಿಯಲಿಲ್ಲ. ‘ಸ್ವಲ್ಪ ಕಾಲಾಡಿಸಿ ಬರುತ್ತೇನೆ’ ಎಂದು ಇಳಿದರು. ಬಾಗಿಲು ಮುಚ್ಚುವ ಸದ್ದು ಬಂದಾಗ ಗಾಬರಿಯಾಗಿ ಕೈಗೆ ಸಿಕ್ಕ ಡಬ್ಬಿಗೆ ಹತ್ತಿದರು. ಆ ಡಬ್ಬಿ ಆ ಕಡೆಗೆ, ನನ್ನದು ಈ ಕಡೆಗೆ.

ನಾನು ಡಬ್ಬಿಯ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದೆ. ಶೌಚಾಲಯದ ಬಾಗಿಲು ತಟ್ಟಿದೆ, ಒಳಗಿಂದ ಬೇರೆ ಯಾರೋ ಏನೋ ಅಂದರು. ಅಲ್ಲಿ ಇವರ ಕತೆಯೋ, ಟಿಕೆಟ್ ಇಲ್ಲ, ಫೋನ್ ಇಲ್ಲ, ಮಗಳ ಜರ್ಮನ್ ನಂಬರ್ ಬಾಯಿಗೆ ಬರುವುದಿಲ್ಲ. ಟಿಕೆಟ್ ತಪಾಸಣೆಯವರು ಬಂದು ಕೇಳಿದ್ದಕ್ಕೆಲ್ಲ ‘ಯಾ, ಯಾ’ ಎಂದು ತಲೆಯಾಡಿಸಿದರಂತೆ. ಹುಡುಗ ಸೇಬು ತಿನ್ನುವುದು ಬರುತ್ತದೆ, ಹೆಂಡತಿ ಇನ್ನೊಂದು ರೈಲಿನಲ್ಲಿದ್ದಾಳೆ ಎನ್ನಲು ಬರುವುದಿಲ್ಲ! ಪಕ್ಕದಲ್ಲಿದ್ದ ಒಬ್ಬ ಅಜ್ಜಿ, ಸುಮಾರು ನನ್ನ ವಯಸ್ಸಿನವರೇ ಇರಬೇಕು, ಕಾಗದ ಪೆನ್ನು ಕೊಟ್ಟರು. ಇವರಿಗೆ ನೆನಪಿದ್ದದ್ದು ತಮ್ಮದೇ ನಂಬರ್. ಅದನ್ನು ಬರೆದುಕೊಟ್ಟರು. ಅದು ರಿಂಗಾದದ್ದು ನನ್ನ ಚೀಲದಲ್ಲಿ. ಗೊತ್ತಿಲ್ಲದ ನಂಬರನ್ನು ಎತ್ತಬೇಡ, ರೋಮಿಂಗ್ ದುಡ್ಡು ಹೋಗುತ್ತದೆ ಎಂದು ಮಗಳು ಕಟ್ಟುನಿಟ್ಟಾಗಿ ಹೇಳಿದ್ದಳು. ಎತ್ತಲಿಲ್ಲ. ಮತ್ತೆ ಮತ್ತೆ ಬಡಿದುಕೊಂಡ ಮೇಲೆ ಎತ್ತಿದೆ. ‘ನಾನು ಕಣೇ, ಕಿಟಕಿಯಿಂದ ಬೆಟ್ಟ ಚೆನ್ನಾಗಿ ಕಾಣುತ್ತಿದೆ’ ಎಂದರು.

ಅವರು ಮೀಸ್‌ಬಾಖ್‌ನಲ್ಲಿ ಇಳಿದು, ನಾನು ಶಾಫ್ಟ್‌ಲಾಖ್‌ನಲ್ಲಿ ಇಳಿದು, ಇಬ್ಬರೂ ಹೋಲ್ಟ್ಸ್‌ಕಿರ್ಶೆನ್‌ಗೆ ವಾಪಸಾದೆವು. ಅಜ್ಜಿ ಕೊಟ್ಟ ಬ್ರೆಟ್ಸೆಲ್ ಕಡಿಯುತ್ತ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತಿದ್ದರು ಮಹಾರಾಯರು. ಸರೋವರವನ್ನು ನಾನು ಇವತ್ತಿಗೂ ನೋಡಿಲ್ಲ.

ಹಾಗಾಗಿ ಇನ್ನೊಮ್ಮೆ ಹೇಳುತ್ತೇನೆ, ಎಷ್ಟೇ ಹೊತ್ತು ನಿಂತಿರಲಿ, ರೈಲಿನಿಂದ ಒಬ್ಬರೇ ಇಳಿಯಬಾರದು. ಶೌಚಾಲಯಕ್ಕೂ ಇಲ್ಲ, ಫೋಟೋಗೂ ಇಲ್ಲ.

ಈ ಕತೆಯನ್ನು ಇವರು ಗೃಹಪ್ರವೇಶದಲ್ಲಿ ಹೇಗೆ ಹೇಳಿದರು ಗೊತ್ತೇ? ನಾನು ಕಳೆದುಹೋದೆನಂತೆ, ಇವರು ಹುಡುಕಿದರಂತೆ! ಎಲ್ಲರೂ ನಕ್ಕಿರಿ. ನಿನ್ನ ಅಮ್ಮನೂ ನಕ್ಕಳು, ನಾನು ನೋಡಿದ್ದೇನೆ. ಅಲ್ಲ, ಮ್ಯೂನಿಕ್‌ನ ಮಗಳ ಮನೆಯಲ್ಲಿ ಬೆಳಗಿನ ಜಾವ ಎದ್ದು ಮೆಣಸಿನ ಸಾರು, ಬೆಳ್ಳುಳ್ಳಿ, ಓಮದ ನೀರು, ಮಗುವಿಗೆ ಎಣ್ಣೆ ನೀರು ಎಂದು ಒದ್ದಾಡಿದವಳು ನಾನು. ಹೆಬಾಮೆ ಎಂದು ಕರೆಯುವ ಅಲ್ಲಿನ ಸೂಲಗಿತ್ತಿ ಹೆರಿಗೆಯಾದ ಮೇಲೆ ಮನೆಗೇ ಬಂದು ನೋಡಿಕೊಂಡು ಹೋಗುತ್ತಾಳೆ, ವಿಮೆಯಲ್ಲೇ ಅದು ಸೇರಿರುತ್ತದೆ. ನಾನು ಎಣ್ಣೆ ತಿಕ್ಕುವುದನ್ನು ನೋಡಿ ಅವಳಾದರೂ ಮೆಚ್ಚಿ ತಲೆದೂಗಿದಳು. ಮನೆಯವರಿಂದ ಒಂದು ಮಾತಿಲ್ಲ. ಮರು ವರ್ಷ ಬೀಗರು ಹೋದಾಗ ಅಳಿಯಂದಿರು ರಜೆ ಹಾಕಿ ಪ್ಯಾರಿಸ್ ತೋರಿಸಿದರು, ಯುಂಗ್‌ಫ್ರೌ ಹಿಮ ತೋರಿಸಿದರು. ನಮಗೆ ಒಂದು ಸರೋವರ, ಅದೂ ಕಾಣಲಿಲ್ಲ. ಫೋಟೋಗಳನ್ನು ಇದೇ ಗುಂಪಿನಲ್ಲಿ ಹಾಕಿದ್ದರಲ್ಲ, ನೀವೆಲ್ಲ ಹೃದಯ ಒತ್ತಿದ್ದಿರಿ. ನಾನೂ ಒತ್ತಿದೆ, ಒತ್ತದೆ ಇರಲಾಗುತ್ತದೆಯೇ?

ತಾಳು, ಕುಕ್ಕರ್ ಕೂಗುತ್ತಿದೆ.

ಹಾಂ. ಭಾಷೆಯ ವಿಷಯ. ಆ್ಯಪ್ ಬೇಡ ಎನ್ನುವುದಿಲ್ಲ, ಕಿವಿ ಪಳಗುತ್ತದೆ. ಆದರೆ ಮೊದಲು ಕಲಿಯಬೇಕಾದದ್ದು ದಾರಿ ತಪ್ಪಿದಾಗ ಆಡುವ ಮಾತು. ಕನ್ನಡ ಅಕ್ಷರದಲ್ಲಿ ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದುಕೊಡು, ಹಿಂದುಗಡೆ ಅದನ್ನೇ ಜರ್ಮನ್‌ನಲ್ಲಿ ಅಕ್ಕನಿಂದ ಬರೆಸು, ಬಾಯಿ ತಿರುಗದಿದ್ದರೆ ತೋರಿಸಿದರಾಯಿತು. ಅಕ್ಕನ ವಿಳಾಸ, ಅವಳ ನಂಬರ್, ಭಾವನ ನಂಬರ್ ಅದರಲ್ಲೇ ಇರಲಿ. ಎರಡು ಪ್ರತಿ ಮಾಡು, ಅಪ್ಪನ ಅಂಗಿಯ ಜೇಬಿಗೊಂದು, ಅಮ್ಮನ ಚೀಲಕ್ಕೊಂದು.

ಯಾರನ್ನಾದರೂ ಮಾತನಾಡಿಸುವ ಮೊದಲು ‘ಎಂಟ್‌ಶುಲ್ಡಿಗುಂಗ್’, ಕ್ಷಮಿಸಿ ಎಂದು. ಆಮೇಲೆ ‘ಇಶ್ ಷ್ಪ್ರೆಶೆ ಕೈನ್ ಡಾಯ್ಚ್’, ನನಗೆ ಜರ್ಮನ್ ಬರುವುದಿಲ್ಲ. ಇದನ್ನು ನಾಚಿಕೆಯಿಲ್ಲದೆ ಹೇಳಬೇಕು, ‘ಯಾ, ಯಾ’ ಮಾತ್ರ ಅನ್ನಬಾರದು. ರೈಲು ಹತ್ತುವ ಮುಂಚೆ ‘ಫೇರ್ಟ್ ಡೀಸರ್ ತ್ಸೂಗ್ ನಾಖ್’ ಎಂದು ಊರಿನ ಹೆಸರು ಸೇರಿಸಿದರೆ ಈ ರೈಲು ಅಲ್ಲಿಗೆ ಹೋಗುತ್ತದೆಯೇ ಎಂದು ಕೇಳಿದಂತೆ. ಧ್ವನಿವರ್ಧಕದಲ್ಲಿ ‘ತ್ಸೂಗ್‌ಟೈಲ್’ ಎಂದು ಕಿವಿಗೆ ಬಿದ್ದರೆ ರೈಲು ತುಂಡಾಗುವ ಸುದ್ದಿ ಎಂದುಕೊಂಡು ಪಕ್ಕದವರನ್ನು ಕೇಳಿ. ‘ಆಲೆ ಆಉಸ್‌ಷ್ಟೈಗೆನ್’ ಎಂದರೆ ಎಲ್ಲರೂ ಇಳಿಯಬೇಕು, ಕುಳಿತಿರಬಾರದು. ‘ಗ್ಲೈಸ್’ ಎಂದರೆ ಪ್ಲಾಟ್‌ಫಾರ್ಮ್, ಅದು ಕೊನೆಯ ಗಳಿಗೆಯಲ್ಲಿ ಬದಲಾಗುವುದುಂಟು. ‘ಕ್ಯೋನೆನ್ ಜೀ ಬಿಟ್ಟೆ ಡೀಸೆ ನುಮ್ಮರ್ ಆನ್‌ರೂಫೆನ್’, ದಯವಿಟ್ಟು ಈ ನಂಬರಿಗೆ ಕರೆ ಮಾಡುತ್ತೀರಾ. ಅಪ್ಪನಿಗೆ ‘ಮೈನೆ ಫ್ರೌ ಇಸ್ಟ್ ಇಮ್ ಆಂಡರೆನ್ ತ್ಸೂಗ್’ ಬಾಯಿಪಾಠ ಮಾಡಿಸು. ಅಮ್ಮನಿಗೆ ಅದೇ, ‘ಮೈನೆ ಫ್ರೌ’ ಬದಲು ‘ಮೈನ್ ಮಾನ್’.

ಊಟಕ್ಕೆ ‘ಓನೆ ಫ್ಲೈಶ್, ಓನೆ ಫಿಶ್, ಓನೆ ಐ’ ಎಂದರೆ ಮಾಂಸ, ಮೀನು, ಮೊಟ್ಟೆ ಇಲ್ಲದೆ. ಬರೀ ಆಲೂಗಡ್ಡೆ ಸಲಾಡ್ ಎಂದು ನಂಬಿ ತಿನ್ನಬಾರದು, ಆ ಕಡೆ ಅದಕ್ಕೆ ಮಾಂಸದ ಸಾರು ಹಾಕುವವರಿದ್ದಾರೆ. ಹೋಟೆಲಿನಲ್ಲಿ ಬರೀ ನೀರು ಎಂದರೆ ಗುಳ್ಳೆಯ ಸೋಡಾ ತಂದಿಡುತ್ತಾರೆ, ‘ಓನೆ ಕೋಲೆನ್‌ಜಾಯ್ರೆ’ ಎನ್ನಬೇಕು. ಮೆಟ್ಟಿಲಲ್ಲಿ ನೆರೆಯವರು ಎದುರಾದರೆ ‘ಗ್ರ್ಯೂಸ್ ಗಾಟ್’, ಮ್ಯೂನಿಕ್ ಕಡೆ ಅದೇ ನಮಸ್ಕಾರ, ಹೇಳದೆ ದಾಟಿದರೆ ಜಂಬ ಎಂದುಕೊಳ್ಳುತ್ತಾರೆ. ದೊಡ್ಡವರಿಗೆ ‘ಜೀ’, ‘ಡೂ’ ಮಕ್ಕಳಿಗೆ ಮತ್ತು ಸಲುಗೆಯವರಿಗೆ, ನಮ್ಮ ನೀವು ನೀನು ಹಾಗೆಯೇ. ಮಗುವಿನ ಡಾಕ್ಟರು ‘ಹಾಲ್ಬ್ ಡ್ರೈ’ ಎಂದರೆ ಎರಡೂವರೆಗೆ ಬರಬೇಕು, ಮೂರೂವರೆಗಲ್ಲ. ಆಂಬುಲೆನ್ಸ್‌ಗೆ 112, ಅದನ್ನು ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಹಾಲು ತಂದಿಡಲಿ. ತುಪ್ಪ ಹೊತ್ತುಕೊಂಡು ಹೋಗಬೇಡಿ, ಹಾಲಿನ ಪದಾರ್ಥವನ್ನು ಹೊರಗಿನಿಂದ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ಅಲ್ಲಿ ‘ಬುಟರ್‌ಶ್ಮಾಲ್ಟ್ಸ್’ ಎಂದು ಸಿಗುತ್ತದೆ, ಬಾಣಂತಿಗೆ ಅದೇ ಸಾಕು.

ಅಯ್ಯೋ, ಪರೀಕ್ಷೆ! ನೀನು ಮೊದಲು ಕೇಳಿದ್ದೇ ಅದನ್ನು. ಬೇಡ ಕಣೇ, ಯಾವ ಪರೀಕ್ಷೆಯೂ ಬೇಡ. ಸಾಗರದ ಚಿಕ್ಕಪ್ಪ ಹೇಳಿದ್ದು ಎ1 ಪರೀಕ್ಷೆ, ಜರ್ಮನ್ ಭಾಷೆಯ ಮೊದಲ ಮೆಟ್ಟಿಲಿನದು. ಅದು ಗಂಡನ ಜೊತೆ ನೆಲೆಸಲು ಹೋಗುವ ಹೆಂಡತಿಗೆ, ಹೆಂಡತಿಯ ಜೊತೆ ನೆಲೆಸಲು ಹೋಗುವ ಗಂಡನಿಗೆ, ಅವರಲ್ಲೂ ಕೆಲವರಿಗೆ ವಿನಾಯಿತಿ ಇದೆ. ಅಪ್ಪ, ಅಮ್ಮ ಹೋಗುವುದು ಷೆಂಗೆನ್ ಎಂಬ ಅಲ್ಪಕಾಲದ ಭೇಟಿಯ ವೀಸಾದಲ್ಲಿ, 180 ದಿನಗಳಲ್ಲಿ 90 ದಿನ ಮೀರದಂತೆ. ಅದಕ್ಕೆ ಭಾಷೆ ಕೇಳುವುದಿಲ್ಲ. ಕಲಿಯಲೇಬೇಕೆಂಬ ಆಸೆ ಇದ್ದರೆ ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ವಿಚಾರಿಸಲಿ. ಪ್ರಯಾಣದ ವಿಮೆ ಮಾತ್ರ ಕಡ್ಡಾಯ, ಚಿಕಿತ್ಸೆಗೆ ಕನಿಷ್ಠ 30,000 ಯೂರೋ ಇರಬೇಕು. ಅಪ್ಪ ಕಡಿಮೆ ಕಂತಿನದನ್ನು ಹುಡುಕುತ್ತ ಕುಳಿತಿರುತ್ತಾರೆ, ಮೊತ್ತವನ್ನು ನೀನೇ ಓದಿ ನೋಡು.