ಅಪ್‌ಡೇಟ್: ವೈಎಫ್‌ಜೆಡ್450ಆರ್ ಬೇಡ, ರ‍್ಯಾಪ್ಟರ್ 700ಆರ್ ಆಯ್ತು

ಕಾಡುಹಾದಿಗೂ ಕಡಿದಾದ ಏರಿಗೂ ಯಮಹಾದ ಈ ಎರಡು ಎಟಿವಿಗಳಲ್ಲಿ (ಕಚ್ಚಾದಾರಿಯ ನಾಲ್ಕು ಚಕ್ರದ ಗಾಡಿ) ಯಾವುದು ವಾಸಿ ಅಂತ ಕೇಳಿದ್ದೆ. ಕೊನೆಗೆ ತೂಗಿ ನೋಡಿದ್ದು ರಿವರ್ಸ್ ಗೇರ್. 450ಆರ್‌ಗೆ ಅದಿಲ್ಲ; ಏರಿನ ನಡುವೆ ನಿಂತರೆ ಇಳಿದು, ಹಿಂಭಾಗ ಎತ್ತಿ ತಿರುಗಿಸಬೇಕು. ಜೊತೆಗೆ ಅದರ 449 ಸಿಸಿ ಎಂಜಿನ್‌ನ ಜೋರೆಲ್ಲ ಹೆಚ್ಚು ಆರ್‌ಪಿಎಂನಲ್ಲಿ. ರೇಸಿಗೆ ಸೈ, ಕಲ್ಲುದಾರಿಯಲ್ಲಿ ಕ್ಲಚ್ ಒತ್ತಿ ಒತ್ತಿ ಬೆರಳು ನೋಯುತ್ತೆ. 686 ಸಿಸಿ ರ‍್ಯಾಪ್ಟರ್ ಕೆಳಗಿನಿಂದಲೇ ಎಳೆಯುತ್ತೆ.

ಏರಿಗೆ ಎಳೆತ ಹೆಚ್ಚಲಿ ಅಂತ ಮುಂದಿನ ಸ್ಪ್ರಾಕೆಟ್ (ಚೈನ್ ಓಡಿಸುವ ಹಲ್ಲಿನ ಚಕ್ರ) 14ರಿಂದ 13 ಹಲ್ಲಿಗೆ ಇಳಿಸಿದೆ. ಗೇರಿಂಗ್ ಸುಮಾರು 7% ತಗ್ಗುತ್ತೆ, ಮೇಲ್ವೇಗವೂ ಅಷ್ಟೇ. ಚೈನ್ ಸಡಿಲವಾಗುತ್ತೆ, ಮರೆಯದೆ ಮತ್ತೆ ಬಿಗಿ ಮಾಡಿ. ಟೈರ್ ಗಾಳಿಗೆ ಕಾರಿನ ಗೇಜ್ ನಂಬಬೇಡಿ: ಈ ಟೈರ್‌ಗಳಿಗೆ ಬೇಕಾದ 4-5 ಪಿಎಸ್‌ಐ ಹತ್ತಿರ ಅದರ ಮುಳ್ಳು ಸರಿಯಾಗಿ ಏಳೋದೇ ಇಲ್ಲ. ಕಡಿಮೆ ಒತ್ತಡದ ಗೇಜ್ ಬೇರೆಯೇ ಸಿಗುತ್ತೆ.

ಏರಿನಲ್ಲಿ ಎಂಜಿನ್ ನಿಂತು ಗಾಡಿ ಹಿಂದಕ್ಕೆ ಜಾರಿದರೆ ಹಿಂದಿನ ಬ್ರೇಕ್ ಒಂದನ್ನೇ ಒತ್ತಬೇಡಿ, ಮುಂಭಾಗ ಎದ್ದು ಮೈಮೇಲೆ ಮಗುಚುತ್ತೆ. ಮೈ ಮುಂದಕ್ಕೆ ಬಾಗಿಸಿ, ಮುಂದಿನ ಬ್ರೇಕ್ ಹಿಡಿದು ನಿಲ್ಲಿಸಿ, ಆಮೇಲೆ ಪಾರ್ಕಿಂಗ್ ಬ್ರೇಕ್.