ರಾಜಕಾರಣಿ ಮನೆವರೆಗೆ ಬಂದ ಫೈಬರ್ ನಮ್ಮ ಮನೆಗೆ ಯಾಕೆ ಬರಲ್ಲ?

ಪ್ರಶ್ನೆ (ನಮ್ಮ ಗುಂಪಿನ ಹೊಸನಗರ ಕಡೆಯ ಸದಸ್ಯೆ):
ಸಾರ್, ನಮ್ಮದು ತೋಟದ ಮನೆ. ಮುಖ್ಯರಸ್ತೆಯಿಂದ 3 ಕಿ.ಮೀ. ಒಳಗೆ. ರಸ್ತೆ ಪಕ್ಕದಲ್ಲೇ ನಮ್ಮ ಭಾಗದ ಒಬ್ಬ ರಾಜಕಾರಣಿಯ ಮನೆ ಇದೆ. ಅಲ್ಲಿಗೆ ಫೈಬರ್ ಇಂಟರ್ನೆಟ್ ಬಂದು ವರ್ಷಗಳೇ ಆದವು. ನಾವು ಅರ್ಜಿ ಕೊಟ್ಟರೆ ‘ನಿಮ್ಮ ಕಡೆ ಫೀಸಿಬಲ್ ಇಲ್ಲ’ (ಲೈನ್ ಕೊಡಲು ಸಾಧ್ಯವಿಲ್ಲ) ಅಂತ ಒಂದೇ ಸಾಲಿನ ಉತ್ತರ ಬರುತ್ತದೆ. ಮಗಳು ಪಿಯುಸಿ, ನೀಟ್‌ಗೆ ಓದುತ್ತಿದ್ದಾಳೆ. ವಿಡಿಯೊ ಪಾಠ ಡೌನ್‌ಲೋಡ್ ಮಾಡಲು ಗುಡ್ಡ ಹತ್ತಬೇಕು, ಮಳೆಗಾಲದಲ್ಲಿ ಕಾಲಿಗೆಲ್ಲ ಉಂಬಳ. 3 ಕಿ.ಮೀ. ಅಷ್ಟೊಂದು ದೂರವಾ? ಜನಪ್ರತಿನಿಧಿಗಳಿಗೆ ಸರ್ಕಾರದ ದುಡ್ಡಲ್ಲೇ ಇಂಟರ್ನೆಟ್ ಅಂತಾರಲ್ಲ, ಅದು ನಿಜವಾ?

ಉತ್ತರ (ಫೈಬರ್ ನೆಟ್‌ವರ್ಕ್ ಎಂಜಿನಿಯರ್):
ಮೇಡಂ, ಎರಡನೇ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸಂಸದರ ಮಟ್ಟಿಗೆ ನಿಜ. ಅವರ ಮನೆ ಮತ್ತು ಫೋನ್ ಸೌಲಭ್ಯಕ್ಕೆ 1956ರಿಂದಲೇ ಪ್ರತ್ಯೇಕ ನಿಯಮಗಳಿವೆ. ಮೂರು ಫೋನ್ ಸಂಪರ್ಕ, ಒಂದೊಂದಕ್ಕೆ ವರ್ಷಕ್ಕೆ 50,000 ಉಚಿತ ಕರೆ, ಜೊತೆಗೆ ಒಂದು ಮಿತಿಯೊಳಗೆ ಬ್ರಾಡ್‌ಬ್ಯಾಂಡ್ ಖರ್ಚು. ಶಾಸಕರಿಗೂ ಫೋನ್ ಭತ್ಯೆ ಬೇರೆ ಇದೆ. ಇದು ಕೊಡಬಾರದ ಸವಲತ್ತು ಅಂತ ನಾನು ಹೇಳುವುದಿಲ್ಲ. ಜನರ ಕೆಲಸ ಮಾಡುವವರಿಗೆ ಒಳ್ಳೆಯ ಸಂಪರ್ಕ ಬೇಕೇ ಬೇಕು. ನನ್ನ ತಕರಾರು ಬೇರೆ. ಅವರಿಗೆ ಕೊಡಲೇಬೇಕು ಅಂತ ಬರೆದಿಟ್ಟ ನಿಯಮ ಇದೆ. ‘ಫೀಸಿಬಲ್ ಇಲ್ಲ’ ಅಂದ ಮನೆಗೆ ಇಂಥ ದಿನದೊಳಗೆ ಲೈನ್ ಕೊಡಲೇಬೇಕು ಅನ್ನುವ ನಿಯಮ ಇಲ್ಲ. ನಿಮಗಿರುವುದು ಬರೀ ಯೋಜನೆ.

ಇನ್ನು ದೂರದ ವಿಷಯ. ಹಳೆಯ ತಾಮ್ರದ ಲೈನಿನಲ್ಲಿ ನಾಲ್ಕೈದು ಕಿ.ಮೀ. ದಾಟಿದರೆ ಇಂಟರ್ನೆಟ್ ನಿಧಾನವಾಗಿ ಸತ್ತೇಹೋಗುತ್ತಿತ್ತು. ಫೈಬರ್ ಹಾಗಲ್ಲ, ಅದು ಬೆಳಕಿನಲ್ಲಿ ಮಾಹಿತಿ ಸಾಗಿಸುವ ಗಾಜಿನ ಎಳೆ. ಮನೆಗಳಿಗೆ ಕೊಡುವ ಸಾಮಾನ್ಯ ವ್ಯವಸ್ಥೆ 20 ಕಿ.ಮೀ. ತನಕ ನಡೆಯುತ್ತದೆ. 3 ಕಿ.ಮೀ.ಗೆ ಬೆಳಕಿನ ಬಲ ಕಡಿಮೆಯಾಗುವುದು ಸುಮಾರು 1 ಡಿಬಿ (ಡೆಸಿಬೆಲ್, ಆ ಇಳಿಕೆ ಅಳೆಯುವ ಮಾನ) ಅಷ್ಟೇ. ಮನೆಗೆ ತಲುಪುವ ಬೆಳಕು ನಮ್ಮ ಮೀಟರ್‌ನಲ್ಲಿ ಮೈನಸ್ 27 ಓದುವ ತನಕ ಲೈನ್ ನಡೆಸಬಹುದು, ಮೈನಸ್ 20ರ ಆಸುಪಾಸು ಇದ್ದರೆ ಚೆನ್ನಾಗಿದೆ ಅಂತ ಲೆಕ್ಕ. ಹಾಗಾಗಿ ‘ಫೀಸಿಬಲ್ ಇಲ್ಲ’ ಅನ್ನುವ ಮಾತಿಗೆ ಹೆಚ್ಚಿನ ಸಲ ತಾಂತ್ರಿಕ ಕಾರಣ ಇರುವುದಿಲ್ಲ. ಮಲೆನಾಡಿನಲ್ಲಿ ಒಂದೊಂದು ತೋಟಕ್ಕೆ ಒಂದೊಂದು ಮನೆ. 3 ಕಿ.ಮೀ. ಕೇಬಲ್ ಎಳೆದರೆ ಸಿಗುವುದು ಐದಾರು ಗ್ರಾಹಕರು. ಒಂದು ಮರ ಬಿದ್ದರೆ ಆ ತಿಂಗಳ ಬಾಡಿಗೆಯೆಲ್ಲ ರಿಪೇರಿಗೇ ಹೋಗುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಕಾರಣ ಇಷ್ಟೇ, ಆದರೆ ಬಾಯಿಬಿಟ್ಟು ಹೇಳುವುದಿಲ್ಲ.

ಮರುಪ್ರಶ್ನೆ (ಅದೇ ಸದಸ್ಯೆ):
ಹಾಗಾದರೆ ಅವರ ಮನೆಗೆ ಹೇಗೆ ಬಂತು ಸಾರ್? ಅದೂ ಒಂದೇ ಮನೆ ಅಲ್ವಾ?

ಉತ್ತರ:
ಅವರ ಮನೆ ರಸ್ತೆ ಬದಿಗಿದೆ, ಮುಖ್ಯ ಕೇಬಲ್ ಹೋಗುವ ದಾರಿಯಲ್ಲೇ ಸಿಗುತ್ತದೆ. ಅದು ಅರ್ಧ ಉತ್ತರ. ಉಳಿದರ್ಧ ನಾನು ಕೆಲಸದಲ್ಲಿ ಕಣ್ಣಾರೆ ಕಂಡದ್ದು. ಒಂದೇ ದಿನ ಹತ್ತು ದೂರು ಬಂದಿರುತ್ತವೆ. ಒಂದರ ಮೇಲೆ ‘ವಿಐಪಿ’ ಅಂತ ಗುರುತು ಇರುತ್ತದೆ. ಹುಡುಗರು ತುಂಡಾದ ಫೈಬರ್ ಜೋಡಿಸುವ ಯಂತ್ರ ಹೊತ್ತು ಮೊದಲು ಅಲ್ಲಿಗೇ ಹೋಗಬೇಕು. ಉಳಿದ ಒಂಬತ್ತರಲ್ಲಿ ಯಾವುದೋ ಶಾಲೆ ಇರಬಹುದು, ಆರೋಗ್ಯ ಕೇಂದ್ರ ಇರಬಹುದು. ಅವು ನಾಳೆಗೆ ಹೋಗುತ್ತವೆ, ನಾಳೆ ಮಳೆ ಬಂದರೆ ನಾಡಿದ್ದಿಗೆ. ಹೊಸ ಲೈನ್ ಸಿಗುವುದಕ್ಕಿಂತ ಈ ರಿಪೇರಿ ಸರದಿಯಲ್ಲೇ ಅನ್ಯಾಯ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ (ಸುಳ್ಯ ಕಡೆಯ ಸದಸ್ಯರು):
2021ರ ಜೂನ್‌ನಲ್ಲಿ ನಮ್ಮ ತಾಲೂಕಿನ ಬಳ್ಳಕದ ಒಂದು ಫೋಟೊ ಎಲ್ಲಾ ಕಡೆ ಓಡಾಡಿತ್ತು. ಮಗಳು ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಾಳೆ, ಅಪ್ಪ ಮಳೆಗೆ ಕೊಡೆ ಹಿಡಿದು ನಿಂತಿದ್ದಾರೆ. ಆಗ ಎಲ್ಲರೂ ಮಾತಾಡಿದರು. ಅದೇ ವರ್ಷ ಮಲೆನಾಡಿನ ಕಡೆ ‘ನೆಟ್‌ವರ್ಕ್ ಇಲ್ಲದಿದ್ದರೆ ಓಟಿಲ್ಲ’ ಅಂತ ಅಭಿಯಾನವೂ ಆಯ್ತು. ನಮ್ಮ ಪಂಚಾಯ್ತಿಗೆ ಭಾರತ್‌ನೆಟ್ (ಪಂಚಾಯ್ತಿಗಳಿಗೆ ಫೈಬರ್ ಕೊಡುವ ಕೇಂದ್ರದ ಯೋಜನೆ) ಬಂದಿದೆ ಅಂತಾರೆ. ಬಂದಿದ್ದರೆ ಮನೆಗೆ ಯಾಕಿಲ್ಲ? ದುಡ್ಡಿಲ್ವಾ?

ಉತ್ತರ:
ದುಡ್ಡಿನ ಕೊರತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ ಸಾರ್. 2002ರಿಂದ ದೂರಸಂಪರ್ಕ ಕಂಪನಿಗಳ ಆದಾಯದ ಶೇ. 5ರಷ್ಟು ಗ್ರಾಮೀಣ ಸಂಪರ್ಕಕ್ಕೆಂದೇ ಒಂದು ನಿಧಿಗೆ ಹೋಗುತ್ತದೆ. ಅದಕ್ಕೆ ಈಗ ಡಿಜಿಟಲ್ ಭಾರತ್ ನಿಧಿ ಅಂತ ಹೆಸರು. ನೀವು ಗುಡ್ಡ ಹತ್ತಿ ಬಳಸುವ ಸಿಮ್ಮಿನ ರೀಚಾರ್ಜ್‌ನಿಂದಲೂ ಅದಕ್ಕೆ ಪಾಲು ಹೋಗಿದೆ.

ಆ ನಿಧಿಯಿಂದಲೇ 2011ರಲ್ಲಿ ಈ ಭಾರತ್‌ನೆಟ್ ಯೋಜನೆಗೆ ಒಪ್ಪಿಗೆ ಸಿಕ್ಕಿತು. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಎಳೆಯುವುದು ಗುರಿ. ಎಡವಿದ್ದು ಅಲ್ಲೇ. ಗುರಿ ಪಂಚಾಯ್ತಿ ಕಟ್ಟಡದ ತನಕ ಮಾತ್ರ ಇತ್ತು. ಅಲ್ಲಿಂದ ಮನೆಗೆ ಯಾರು ಎಳೆಯಬೇಕು, ಕಂಬ ಯಾರದು, ಮಳೆಗಾಲದಲ್ಲಿ ಯಾರು ನೋಡಿಕೊಳ್ಳಬೇಕು ಅನ್ನುವುದಕ್ಕೆ ಸರಿಯಾದ ವಾರಸುದಾರರೇ ಇರಲಿಲ್ಲ.

ನಿಮ್ಮ ಪಂಚಾಯ್ತಿ ಆಫೀಸಿಗೆ ಹೋಗಿ ನೋಡಿ. ಎಲ್ಲೋ ಮೂಲೆಯಲ್ಲಿ, ಬಾಗಿಲ ಹಿಂದೆಯೋ ಬೀರು ಪಕ್ಕವೋ, ಗೋಡೆಗೆ ಹೊಡೆದ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ, ಆ ಫೈಬರ್ ಬಂದು ಸೇರುವುದು ಅದಕ್ಕೇ. ಬೀಗ ಹಾಕಿರುತ್ತಾರೆ, ಕೀ ಯಾರ ಹತ್ತಿರ ಅಂತ ಗೊತ್ತಿರುವುದಿಲ್ಲ. ನಾನು ತೆಗೆಸಿದ ಒಂದರಲ್ಲಿ ಬ್ಯಾಟರಿ ಉಬ್ಬಿ ಕೂತಿತ್ತು, ಒಳಗೆಲ್ಲ ಹಲ್ಲಿ ಮೊಟ್ಟೆ. ಮೇಲಿನ ಪ್ಲಗ್ಗನ್ನು ಯಾರೋ ಕಿತ್ತು ಫೋನ್ ಚಾರ್ಜರ್ ಹಾಕಿದ್ದರು. ಕೇಬಲ್ ಮಾತ್ರ ಸರಿಯಾಗಿತ್ತು. ಬ್ಯಾಟರಿ ಬದಲಿಸಿ ಪ್ಲಗ್ ಹಾಕಿದ ಕೂಡಲೇ ಹಸಿರು ಲೈಟ್ ಬಂತು. ಅಷ್ಟು ದಿನ ಆ ಊರಿನವರು ತಮಗೆ ಸಂಪರ್ಕವೇ ಬಂದಿಲ್ಲ ಅಂದುಕೊಂಡಿದ್ದರು.

ಇನ್ನೊಂದು ತೊಂದರೆ ಅಗೆತ. ರಸ್ತೆ ಅಗಲ ಮಾಡುವ ಜೆಸಿಬಿ, ಮನೆಮನೆಗೆ ನಲ್ಲಿ ಕೊಡುವ ಜಲಜೀವನ್ ಯೋಜನೆಯ ಪೈಪ್ ಗುಂಡಿ, ಎಲ್ಲವೂ ಹೋಗುವುದು ರಸ್ತೆ ಅಂಚಿನಲ್ಲೇ. ಫೈಬರ್ ಮಲಗಿರುವುದೂ ಅಲ್ಲೇ. ಅಗೆಯುವ ಮೊದಲು ತಿಳಿಸಲು 2023ರಲ್ಲಿ ಕೇಂದ್ರ ಸರ್ಕಾರ ಒಂದು ಆ್ಯಪ್ ತಂದಿದೆ, ಆದರೆ ನಮ್ಮ ಕಡೆ ಗುತ್ತಿಗೆದಾರರು ಅದನ್ನು ತೆರೆದದ್ದು ನಾನು ಕಂಡಿಲ್ಲ. ಹಳೆಯ ಹಂತದಲ್ಲಿ ಕೇಬಲ್ ಒಂದೇ ದಾರಿಯಲ್ಲಿ ಹೋಗುತ್ತಿತ್ತು. ನಡುವೆ ಒಂದು ಕಡೆ ಕತ್ತರಿಸಿದರೆ ಮುಂದಿನ ಪಂಚಾಯ್ತಿಗಳೆಲ್ಲ ಕತ್ತಲು. 2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ ಹೊಸ ಹಂತದಲ್ಲಿ ಉಂಗುರದ ಹಾಗೆ ಎರಡು ದಿಕ್ಕಿನಿಂದ ಜೋಡಿಸಬೇಕು, 10 ವರ್ಷ ನಿರ್ವಹಣೆಯೂ ಸೇರಿದೆ. ಮೊತ್ತ 1,39,579 ಕೋಟಿ ರೂಪಾಯಿ, 1.5 ಕೋಟಿ ಹಳ್ಳಿ ಮನೆಗಳಿಗೆ ಸಂಪರ್ಕ ಅಂತ ಗುರಿ. ನಿರ್ವಹಣೆಯನ್ನು ಸೇರಿಸಿದ್ದು ನನಗೆ ನಿಜಕ್ಕೂ ಸಮಾಧಾನ ತಂದ ವಿಷಯ. ನಿಮ್ಮ ತಾಲೂಕಿನ ಸರದಿ ಯಾವಾಗ ಅನ್ನುವುದನ್ನು ಮಾತ್ರ ಕೇಳಿ ತಿಳಿಯಬೇಕು, ತಾನಾಗಿ ಯಾರೂ ಬಂದು ಹೇಳುವುದಿಲ್ಲ.

ಪ್ರಶ್ನೆ (ಶಿರಸಿ ಕಡೆಯ ಸದಸ್ಯರು):
ಟವರ್ ಹಾಕಿಸಿದರೆ ಸಾಕಾಗಲ್ವಾ?

ಉತ್ತರ:
ಏನೂ ಇಲ್ಲದ ಕಡೆ ಟವರ್ ಬೇಕೇ ಬೇಕು. ಸಿಗ್ನಲ್ ಇಲ್ಲದ ಹಳ್ಳಿಗಳಿಗೆ 4ಜಿ ಕೊಡಲು 2022ರಲ್ಲಿ ಬೇರೆ ಯೋಜನೆಯೇ ಬಂದಿದೆ. ಆದರೆ ಒಂದು ಟವರಿನ ವೇಗವನ್ನು ಸುತ್ತಲಿನ ಎಲ್ಲರೂ ಹಂಚಿಕೊಳ್ಳಬೇಕು. ಕಣಿವೆಯ ಮನೆಗೆ ಗುಡ್ಡ ಅಡ್ಡ ಬರುತ್ತದೆ. ಕರೆಂಟ್ ಹೋದರೆ, ಡೀಸೆಲ್ ಇಲ್ಲದಿದ್ದರೆ, ಟವರೂ ಮಲಗುತ್ತದೆ. ದಿನವೂ ವಿಡಿಯೊ ಪಾಠ ನೋಡುವ ಮಗುವಿಗೆ, ಮನೆಯಿಂದ ಕೆಲಸ ಮಾಡುವವರಿಗೆ ಫೈಬರೇ ಸರಿ.

ಪ್ರಶ್ನೆ (ಹೊಸನಗರದ ಸದಸ್ಯೆ):
ಈಗ ನಾವು ಮಾಡಬೇಕಾದ್ದು ಏನು ಸಾರ್? ಅರ್ಜಿ ಬರೆದು ಬರೆದು ಸಾಕಾಗಿದೆ.

ಉತ್ತರ:
ಒಬ್ಬರೇ ಬರೆಯಬೇಡಿ ಮೇಡಂ. ನಿಮ್ಮ ದಾರಿಯಲ್ಲಿ ಸಿಗುವ ಮನೆಗಳನ್ನೆಲ್ಲ ಸೇರಿಸಿ ಒಂದೇ ಅರ್ಜಿ ಮಾಡಿ. ಎಲ್ಲರ ಹೆಸರು, ಯಾವ ಪ್ಲಾನ್ ತಗೊಳ್ಳುತ್ತೀರಿ ಅನ್ನುವುದು ಇರಲಿ. ಆಮೇಲೆ ರಸ್ತೆಯಿಂದ ಕೊನೆ ಮನೆ ತನಕ ಕರೆಂಟ್ ಕಂಬಗಳನ್ನು ಎಣಿಸಿ, ಒಂದು ಹಾಳೆಯಲ್ಲಿ ದಾರಿ ಬರೆದು ಲಗತ್ತಿಸಿ. ಸರ್ವೆ ಮಾಡಲು ಬರುವವನಿಗೆ ಅರ್ಧ ಕೆಲಸ ಮುಗಿದಿರುತ್ತದೆ. ಕಂಬದ ಮೇಲೆ ಕೇಬಲ್ ಎಳೆಯಲು ಮೆಸ್ಕಾಂ (ನಿಮ್ಮ ಕಡೆಯ ವಿದ್ಯುತ್ ಕಂಪನಿ) ಒಪ್ಪಿಗೆ ಬೇಕು, ಅದನ್ನು ಇಂಟರ್ನೆಟ್ ಕಂಪನಿಯವರು ಕೇಳಬೇಕು, ನೀವಲ್ಲ.

ಅದೇ ಅರ್ಜಿಯನ್ನು ಗ್ರಾಮಸಭೆಯಲ್ಲಿ ಇಟ್ಟು ನಿರ್ಣಯ ಮಾಡಿಸಿ, ಪಿಡಿಒ ಹತ್ತಿರ ನಡಾವಳಿಯ ನಕಲು ತಗೊಳ್ಳಿ. ಈ ಕಾಗದ ಮುಖ್ಯ. ಯಾಕೆಂದರೆ ಪ್ರತಿ ಜಿಲ್ಲೆಯಲ್ಲಿ ‘ದಿಶಾ’ ಅಂತ ಒಂದು ಸಮಿತಿ ಇದೆ, 2016ರಲ್ಲಿ ಶುರುವಾದದ್ದು. ಕೇಂದ್ರದ ಯೋಜನೆಗಳ ಪ್ರಗತಿ ನೋಡುವುದು ಅದರ ಕೆಲಸ, ಪಂಚಾಯ್ತಿ ಇಂಟರ್ನೆಟ್ ಕೂಡ ಅದರಲ್ಲಿ ಸೇರುತ್ತದೆ. ಮೂರು ತಿಂಗಳಿಗೊಮ್ಮೆ ಸೇರಬೇಕು. ಅಧ್ಯಕ್ಷರು ನಿಮ್ಮ ಸಂಸದರು. ಶಾಸಕರೂ ಸದಸ್ಯರು. ನಿಮ್ಮ ನಿರ್ಣಯವನ್ನು ಸಭೆಗೆ ಮೊದಲೇ ಅವರ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ತಮ್ಮ ಮನೆಗೆ ಇರುವ ಸಂಪರ್ಕದ ಬಗ್ಗೆ ಅವರು ಉತ್ತರ ಕೊಡಬೇಕಿಲ್ಲ, ನಿಮ್ಮ ಮನೆಗೆ ಇಲ್ಲದ್ದರ ಬಗ್ಗೆ ಕೊಡಬೇಕು.

ಅದರ ಜೊತೆಗೆ ಬಿಎಸ್‌ಎನ್‌ಎಲ್‌ಗೆ 10 ರೂಪಾಯಿ ಶುಲ್ಕದ ಒಂದು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ನಮ್ಮ ಪಂಚಾಯ್ತಿ ಪೆಟ್ಟಿಗೆ ಕಳೆದ ಒಂದು ವರ್ಷದಲ್ಲಿ ಎಷ್ಟು ದಿನ ಚಾಲೂ ಇತ್ತು, ನಿರ್ವಹಣೆ ಯಾರದು, ಹೊಸ ಹಂತದಲ್ಲಿ ನಮ್ಮ ಊರು ಇದೆಯಾ. ಈ ಮೂರೇ ಪ್ರಶ್ನೆ ಸಾಕು. 30 ದಿನದೊಳಗೆ ಉತ್ತರ ಕೊಡಬೇಕು.

ಅಲ್ಲಿಯವರೆಗೆ, ಪಿಡಿಒ ಹತ್ತಿರ ಪೆಟ್ಟಿಗೆ ತೆಗೆಸಿ ಒಂದು ಫೋಟೊ ಈ ಗುಂಪಿನಲ್ಲಿ ಹಾಕಿ. ಯಾವ ಲೈಟ್ ಉರಿಯುತ್ತಿದೆ, ಯಾವುದು ಇಲ್ಲ ಅನ್ನುವುದು ಕಾಣುವ ಹಾಗಿರಲಿ. ಕೇಬಲ್ ಕಟ್ ಆಗಿದೆಯಾ, ಸುಮ್ನೆ ಕರೆಂಟ್ ತೊಂದರೆಯಾ ಅಂತ ನೋಡಿ ಹೇಳುತ್ತೇನೆ.