ಅಪ್‌ಡೇಟ್: ಟೈಟಾನಿಯಂ ಜೋಡಣೆ ಈಗ ತೇವದಲ್ಲೂ ಬಿಡುತ್ತಿಲ್ಲ

ಟೈಟಾನಿಯಂ 6-4 (ಸುಮಾರು ಶೇ. 6 ಅಲ್ಯೂಮಿನಿಯಂ, ಶೇ. 4 ವನೇಡಿಯಂ ಸೇರಿದ ಮಿಶ್ರಲೋಹ) ಪಟ್ಟಿಗಳನ್ನು ಎಪಾಕ್ಸಿ ಅಂಟಿನಿಂದ ಅಂಟಿಸಿದರೆ ಮೊದಲು ಗಟ್ಟಿಯಾಗಿರುತ್ತವೆ, ತೇವದಲ್ಲಿಟ್ಟರೆ ಬಿಟ್ಟುಕೊಳ್ಳುತ್ತವೆ, ಯಾಕೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ತಪ್ಪು ಅಂಟಿನದ್ದಲ್ಲ, ಮೇಲ್ಮೈಯದ್ದು. ನಾನು ಸುಮ್ನೆ ಮರಳು ಕಾಗದದಿಂದ ಉಜ್ಜಿ, ಅಸಿಟೋನ್‌ನಿಂದ ಒರೆಸುತ್ತಿದ್ದೆ. ಈಗ ಜಿಡ್ಡು ತೆಗೆದ ಮೇಲೆ ಅಲ್ಯೂಮಿನಾ ಪುಡಿಯನ್ನು ರಭಸವಾಗಿ ಊದಿ ಬ್ಲಾಸ್ಟ್ ಮಾಡಿ, ಕ್ಷಾರದ ದ್ರಾವಣದಲ್ಲಿ ತೊಳೆಯುತ್ತೇನೆ. ನೀರು ಹನಿಗಟ್ಟದೆ ಒಂದೇ ಪದರವಾಗಿ ನಿಂತರೆ ಮೇಲ್ಮೈ ಸ್ವಚ್ಛವಾಗಿದೆ ಅಂತ ಅರ್ಥ, ಆಗ ಮಾತ್ರ ಮುಂದಿನ ಹೆಜ್ಜೆ. ಆಮೇಲೆ ಸೋಲ್-ಜೆಲ್ (ಲೋಹವನ್ನು ಮೇಲಿನ ಪದರದ ಜೊತೆ ಬೆಸೆಯುವ ತೆಳು ಲೇಪನ), ಅದು ಒಣಗಿದ ಮೇಲೆ ಪ್ರೈಮರ್ (ಅಂಟಿಗೆ ಮುಂಚಿನ ತಳಪದರ). ಮಧ್ಯೆ ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಕ್ಲೋರಿನ್ ಇರುವ ದ್ರಾವಕ ಬೇಡ ಅಂದಿದ್ದಿರಿ, ಅದನ್ನೂ ಪಾಲಿಸಿದೆ. ಟೈಟಾನಿಯಂನಲ್ಲಿ ಅದು ಬಿರುಕಿಗೆ ದಾರಿ ಮಾಡಬಹುದು, ಅಲ್ವಾ.

ಎಳೆದು ನೋಡುವ ಪರೀಕ್ಷೆಯಲ್ಲಿ ಹಳೆಯದಕ್ಕೂ ಹೊಸದಕ್ಕೂ ಜಾಸ್ತಿ ವ್ಯತ್ಯಾಸ ಕಾಣಲಿಲ್ಲ. ನನ್ನನ್ನು ಇಷ್ಟು ದಿನ ದಾರಿ ತಪ್ಪಿಸಿದ್ದು ಇದೇ. ನಿಜ ಹೇಳಿದ್ದು ಬೆಣೆ ಪರೀಕ್ಷೆ, ಅಂದರೆ ಅಂಟಿಸಿದ ಪಟ್ಟಿಗಳ ತುದಿಯಲ್ಲಿ ಬೆಣೆ ತೂರಿಸಿ, ತೇವದಲ್ಲಿ ಬಿರುಕು ಎಷ್ಟು ಬೆಳೆಯುತ್ತದೆ ಅಂತ ನೋಡುವುದು. 50 ಡಿಗ್ರಿ ಸೆಲ್ಸಿಯಸ್, ಶೇ. 95 ಆರ್ದ್ರತೆಯಲ್ಲಿ ಹಳೆಯ ಪಟ್ಟಿಗಳ ಬಿರುಕು ಲೋಹದ ಮೇಲೇ ಓಡಿತು, ಒಂದು ಬದಿ ಪೂರ್ತಿ ಬೋಳಾಯಿತು. ಹೊಸದರಲ್ಲಿ ಬಿರುಕು ಸ್ವಲ್ಪವೇ ಬೆಳೆದು ನಿಂತಿತು. ಬಿಡಿಸಿ ನೋಡಿದರೆ ಎರಡೂ ಬದಿಯಲ್ಲಿ ಅಂಟು ಉಳಿದಿದೆ, ಅಂದರೆ ಅಂಟು ಲೋಹವನ್ನು ಬಿಟ್ಟಿಲ್ಲ, ಒಡೆದದ್ದು ಅಂಟಿನೊಳಗೆ. ನೋಡಿ ತುಂಬಾ ಖುಷಿಯಾಯಿತು.

ಮುಂದೆ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಆನೋಡೈಸ್ ಮಾಡಿದ (ವಿದ್ಯುತ್ ಹರಿಸಿ ಮೇಲ್ಮೈಯಲ್ಲಿ ಆಕ್ಸೈಡ್ ಪದರ ಬೆಳೆಸಿದ) ಪಟ್ಟಿಗಳನ್ನೂ ಇದರ ಪಕ್ಕದಲ್ಲಿಟ್ಟು ನೋಡುತ್ತೇನೆ.